ನನಗೇ ಅಂತ ಕೇಳಿದೆ

ಹೊರದೇಶದ ಓದಿನ ಆ ಮೇಳದ ಪಾಸು ತಂದವರು ನನ್ನ ಗಂಡ. ಅವರು ಆಗ ವಿಮಾ ಕಂಪನಿಯೊಂದರ ವಡೋದರಾ ಶಾಖೆಯಲ್ಲಿದ್ದರು. ಪಕ್ಕದ ಮೇಜಿನ ಸಹೋದ್ಯೋಗಿಯ ಮಗ ಕೆನಡಾಕ್ಕೆ ಹೋಗಿ ಒಂದು ಚಳಿಗಾಲ ಕಳೆದಿದ್ದ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ದಿನಾ ಹಿಮದ ಹೊಸ ಫೋಟೊ ಒಂದು ಎಲ್ಲರ ಮುಂದೆ ಬರುತ್ತಿತ್ತಂತೆ. ನಮ್ಮ ಸೊಸೈಟಿಯಲ್ಲೂ ಅದೇ ಕತೆ. ಮೇಲಿನ ಮನೆಯವರ ಮಗಳು ಲಂಡನ್ನಿನಲ್ಲಿ, ಎದುರು ಮನೆಯ ಇಬ್ಬರೂ ಗಂಡುಮಕ್ಕಳು ಮೆಲ್ಬರ್ನ್‌ನಲ್ಲಿ. ನವರಾತ್ರಿಯ ಆರತಿಯಲ್ಲಿ ದೇವಿಗೆ ಕೈ ಮುಗಿದವರಿಗಿಂತ ಮಕ್ಕಳಿಗೆ ತೋರಿಸಲೆಂದು ಫೋನು ಎತ್ತಿ ಹಿಡಿದವರೇ ಹೆಚ್ಚು. ಇಂಥ ಊರಿನಲ್ಲಿ ಹನ್ನೆರಡನೇ ಕ್ಲಾಸಿನ ಮಗಳನ್ನು ಮನೆಯಲ್ಲಿಟ್ಟುಕೊಂಡು ಸುಮ್ಮನೆ ಕೂತರೆ ತಾವು ತಂದೆಯ ಕೆಲಸ ಮಾಡುತ್ತಿಲ್ಲ ಎಂದು ಅವರಿಗೆ ಅನ್ನಿಸತೊಡಗಿತ್ತು.

"ಅಲ್ಕಾಪುರಿಯ ಹೋಟೆಲಿನ್ಯಾಗ ರವಿವಾರ ಐತಿ. ಎಲ್ಲಾ ದೇಶದ ಯೂನಿವರ್ಸಿಟಿಯವರು ಬರ್ತಾರಂತ. ನನಗ ಅವತ್ತ ಅಹಮದಾಬಾದಿನ್ಯಾಗ ಏಜೆಂಟರ ಟ್ರೇನಿಂಗ್ ಐತಿ. ನೀ ಕರ್ಕೊಂಡ ಹೋಗು," ಎಂದರು ನನಗೆ.

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಹೋಗ್ಲೇಬೇಕಾ?"

"ನೋಡ್ಕೊಂಡ ಬರಾಕ ಏನ ಹೋಗತೈತಿ?" ಎಂದೆ. ಇಷ್ಟು ಬೇಗ ನಾನು ಒಪ್ಪಿದ್ದು ನೋಡಿ ಗಂಡನಿಗೇ ಆಶ್ಚರ್ಯವಾಯಿತು. ನನಗೆ ನನ್ನದೇ ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಗುಳೇದಗುಡ್ಡದವಳು. ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದು ಕೋಳಿಯಿಂದಲ್ಲ, ಮಗ್ಗದ ಸಪ್ಪಳದಿಂದ. ಅಪ್ಪ ಕುಪ್ಪಸದ ಖಣ ನೇಯುತ್ತಿದ್ದರು. ಧಾರವಾಡದಲ್ಲಿ ಗೃಹವಿಜ್ಞಾನ ಓದಿದೆ, ಅದರಲ್ಲಿ ಜವಳಿ ನನ್ನ ವಿಷಯ. ಡಿಗ್ರಿಯ ಬೆನ್ನಿಗೇ ಮದುವೆ, ಮದುವೆಯ ಬೆನ್ನಿಗೇ ವರ್ಗಾವಣೆಗಳು. ಕಲಬುರಗಿಯಲ್ಲಿ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಲು ಶುರು ಮಾಡಿದೆ. ವರ್ಷ ತುಂಬುವಷ್ಟರಲ್ಲಿ ನಾಗಪುರದ ಆರ್ಡರ್ ಬಂತು. ನಾಗಪುರದಲ್ಲಿ ಒಬ್ಬಾಕೆಯ ಜೊತೆ ಸೇರಿ ಬಣ್ಣ ಹಾಕುವ ಸಣ್ಣ ಘಟಕ ತೆರೆಯುವ ಮಾತಾಯಿತು. ಮಾತಿನಲ್ಲೇ ಉಳಿದು ಭಾವನಗರಕ್ಕೆ ಬಂದೆವು. ಪ್ರತಿ ಸಲವೂ ಸ್ಟೀಲಿನ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುವವಳು ನಾನು, ಹೊಸ ಊರಿನಲ್ಲಿ ಗ್ಯಾಸಿನ ಸಂಪರ್ಕಕ್ಕೆ ಅಲೆಯುವವಳು ನಾನು, ಮಗಳಿಗೆ ಶಾಲೆ ಹುಡುಕುವವಳೂ ನಾನು.

ಭಾವನಗರದಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಒಂದು ದಿನ ತಮ್ಮ ಮದುವೆಯ ಘರ್‌ಚೋಳಾ ತಂದು ತೋರಿಸಿದರು. ಗುಜರಾತಿನಲ್ಲಿ ಮದುಮಗಳು ಉಡುವ ಕೆಂಪು ಸೀರೆ ಅದು. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರಿಂದ ರೇಷ್ಮೆ ಗೆರೆಗೆರೆಯಾಗಿ ಸೀಳಿತ್ತು, ಜರಿ ಕಪ್ಪಾಗಿತ್ತು. ಮೊಮ್ಮಗಳ ಮದುವೆಗೆ ಅದನ್ನು ಹೊದಿಸಬೇಕೆಂಬ ಆಸೆ ಅವರಿಗೆ. ಕಲಿತದ್ದನ್ನೆಲ್ಲ ನೆನಪಿಸಿಕೊಂಡು, ಹೆದರಿ ಹೆದರಿ, ಆ ಸೀರೆಯ ಹಿಂದೆ ತೆಳುವಾದ ಬಟ್ಟೆ ಕೊಟ್ಟು ಎಳೆ ಎಳೆಯಾಗಿ ಹಿಡಿದು ಹೊಲಿದೆ. ಅಲ್ಲಿಂದ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಸುದ್ದಿ ಹೋಗಿ, ಹಳೆಯ ಸೀರೆ, ಶಾಲು, ದೇವರ ಹಿಂದೆ ಕಟ್ಟುವ ಪರದೆ ಎಲ್ಲ ನನ್ನ ಮನೆಗೆ ಬರತೊಡಗಿದವು. ವಡೋದರಾಕ್ಕೆ ಬಂದ ಮೇಲೂ ಬಂದವು.

ಮೇಳಕ್ಕೆ ಎರಡು ಮೂರು ತಿಂಗಳ ಮೊದಲು, ದೀಪಾವಳಿ ರಜೆಯಲ್ಲಿ ಅಹಮದಾಬಾದಿಗೆ ಹೋದಾಗ ಅಲ್ಲಿನ ಒಂದು ವಸ್ತುಸಂಗ್ರಹಾಲಯದಲ್ಲಿ ಗಾಜಿನಾಚೆ ಒಬ್ಬ ತರುಣಿ ಕೆಲಸ ಮಾಡುತ್ತಿದ್ದುದನ್ನು ಕಂಡೆ. ಅವಳ ಮುಂದಿನ ಉದ್ದ ಮೇಜಿನ ಮೇಲೆ ಹಳೆಯ ಬಟ್ಟೆಯೊಂದನ್ನು ಹರವಿದ್ದರು. ಅವಳು ಮಾಡುತ್ತಿದ್ದುದು ನಾನು ಮನೆಯಲ್ಲಿ ಮಾಡುವ ಕೆಲಸವನ್ನೇ, ಆದರೆ ನಾನು ಊಹೆಯಲ್ಲಿ ಮಾಡಿದ್ದನ್ನು ಅವಳು ತಿಳಿದು ಮಾಡುತ್ತಿದ್ದಳು. ಹೊರಗೆ ಬಂದಾಗ ಮಾತಾಡಿಸಿದೆ. ಇದೊಂದು ವಿದ್ಯೆ, ಇದಕ್ಕೆ ಡಿಗ್ರಿ ಇದೆ, ತಾನು ಹೊರದೇಶದಲ್ಲಿ ಓದಿ ಬಂದೆ ಎಂದಳು. ಹಳೆಯ ಬಟ್ಟೆಯನ್ನು ಉಳಿಸುವುದಕ್ಕೆ ಡಿಗ್ರಿ! ಅಂದಿನಿಂದ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಎಲ್ಲಾ ದೇಶದ ಯೂನಿವರ್ಸಿಟಿಯವರು ಬರುತ್ತಾರೆ ಎಂದರೆ ಅದನ್ನು ಕಲಿಸುವವರೂ ಬಂದೇ ಬರುತ್ತಾರೆ ಎಂದುಕೊಂಡೆ.

ಸಂಕ್ರಾಂತಿಯ ಗಾಳಿಪಟದ ಹಬ್ಬ ಉತ್ತರಾಯಣ ಮುಗಿದು ವಾರವಾಗಿತ್ತು. ರಸ್ತೆಯ ಮರಗಳಲ್ಲಿ, ವಿದ್ಯುತ್ ತಂತಿಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದವು. ನಾನು ಒಳ್ಳೆಯ ಕಾಟನ್ ಸೀರೆ ಉಟ್ಟಿದ್ದೆ. ಮಗಳು ಎಂದಿನ ಜೀನ್ಸ್‌ನಲ್ಲೇ ಬಂದಳು.

ಹೋಟೆಲಿನ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೋಟು ತೊಟ್ಟ ಹುಡುಗಿ ಕೂತಿದ್ದಳು. ವಿದ್ಯಾರ್ಥಿಗಳಿಗೆ ನೀಲಿ ಬಿಲ್ಲೆ, ಪಾಲಕರಿಗೆ ಬಿಳಿಯದು. ಮಗಳ ಕೈಗೆ ನೀಲಿ, ನನ್ನ ಕೈಗೆ ಬಿಳಿ ಬಂತು.

"ನನಗೂ ನೀಲೀದ ಕೊಡಮ್ಮ," ಎಂದೆ ಹಿಂದಿಯಲ್ಲಿ.

"ನೀಲಿ ಸ್ಟೂಡೆಂಟ್‌ಗೆ ಮಾತ್ರ, ಆಂಟಿ."

"ಅದಕ್ಕೇ ಕೇಳಿದ್ದು."

ಅವಳು ನಾನು ತಮಾಷೆ ಮಾಡುತ್ತಿದ್ದೇನೆಂದು ಬಾಯ್ತುಂಬ ನಕ್ಕು ಹಿಂದಿನವರನ್ನು ಕರೆದಳು. ಮಗಳು ನನ್ನ ಮೊಣಕೈ ಹಿಡಿದು ಒಳಗೆ ಎಳೆದಳು.

ಒಳಗೆ ಸಂಗೀತ ಜೋರಾಗಿತ್ತು. ವಿಮಾನದ ಕಿಟಕಿಯಂತೆ ಕತ್ತರಿಸಿದ ರಟ್ಟಿನ ಹಿಂದೆ ನಿಂತು ಹುಡುಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಂದು ಮೂಲೆಯಲ್ಲಿ ಬಣ್ಣದ ಚಕ್ರ. ತಿರುಗಿಸಿದರೆ ಅರ್ಜಿಯ ಶುಲ್ಕದಲ್ಲಿ ರಿಯಾಯಿತಿ, ಇಲ್ಲವಾದರೆ ಒಂದು ಪೆನ್ನು. ಸುತ್ತಲೂ ಮೇಜುಗಳು, ಮೇಜುಗಳ ಮೇಲೆ ದೇಶಗಳ ಪುಟ್ಟ ಬಾವುಟಗಳು. ಬಾವುಟಗಳ ಹಿಂದೆ ಕೂತವರು ಮಾತ್ರ ಎಲ್ಲ ಇಲ್ಲಿಯವರೇ. ಹಳ್ಳಿಗಳಿಂದ ಬೆಳಗ್ಗೆಯೇ ಹೊರಟು ಬಂದಿದ್ದ ತಂದೆಯಂದಿರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಫೈಲು ಎದೆಗೊತ್ತಿಕೊಂಡು ಸಾಲಿನಲ್ಲಿ ನಿಂತಿದ್ದರು. ಅವರನ್ನು ನೋಡಿದರೆ ದೊಡ್ಡ ಆಸ್ಪತ್ರೆಯ ವರಾಂಡದಲ್ಲಿ ತಮ್ಮ ಸರದಿಗೆ ಕಾಯುವವರ ಹಾಗೆ ಕಾಣುತ್ತಿತ್ತು.

ಮೊದಲ ಮೇಜಿನ ತರುಣ ಮಗಳಿಗೆ ಎರಡು ಪ್ರಶ್ನೆ ಕೇಳಿದ. ಒಂದು, ಎಷ್ಟು ಪರ್ಸೆಂಟು. ಎರಡು, ತಂದೆ ಏನು ಮಾಡುತ್ತಾರೆ. ಅವಳಿಗೆ ಏನು ಓದುವ ಮನಸ್ಸಿದೆ ಎಂದು ಕೇಳಲಿಲ್ಲ. ಅಷ್ಟಕ್ಕೇ "ಬಿಸಿನೆಸ್ ಅನಾಲಿಟಿಕ್ಸ್ ಬೆಸ್ಟ್" ಎಂದು ತೀರ್ಮಾನಿಸಿ ಒಂದು ಹೊಳೆಯುವ ಕಾಗದ ಕೊಟ್ಟ.

ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೇಳಿದೆ: "ಹಳೆಯ ಬಟ್ಟೆಗಳ ಸಂರಕ್ಷಣೆ ಕಲಿಸುವ ಕೋರ್ಸ್ ಇದೆಯೇ? ಟೆಕ್ಸ್‌ಟೈಲ್ ಕನ್ಸರ್ವೇಷನ್?"

"ಟೆಕ್ಸ್‌ಟೈಲಾ? ನೀವು ಸೂರತ್‌ನವರಾ? ಸ್ವಂತ ಮಿಲ್ ಇದೆಯಾ?"

"ಇಲ್ಲ."

"ಹಾಗಾದರೆ ಎಂಬಿಎನೇ ಒಳ್ಳೇದು," ಎಂದ. ಹೇಗೆ ಹಾಗಾದರೆ, ಯಾಕೆ ಒಳ್ಳೇದು, ನನಗೆ ಇಂದಿಗೂ ತಿಳಿದಿಲ್ಲ.

ಎರಡನೆಯ ಮೇಜಿನಾಕೆ "ಡಾಟರ್‌ಗೆ ಫ್ಯಾಷನ್ ಮ್ಯಾನೇಜ್‌ಮೆಂಟ್ ಕೊಡಿಸಿ" ಎಂದಳು. ಮೂರನೆಯ ಮೇಜಿನಲ್ಲಿದ್ದ ಹುಡುಗ ಸೌಮ್ಯ ಸ್ವಭಾವದವನು. ಯಾರಿಗೆ ಎಂದು ಕೇಳುವ ಸೌಜನ್ಯ ತೋರಿದ.

"ನನಗೇ," ಎಂದೆ.

ಅವನು ಮಗಳತ್ತ ನೋಡಿದ. ಅವಳು ಚಾವಣಿಯ ದೀಪ ನೋಡುತ್ತಿದ್ದಳು. "ಓಕೆ ಆಂಟಿ. ಕೊನೆಯ ಡಿಗ್ರಿ ಯಾವಾಗ ಆಯ್ತು?"

ಹೇಳಿದೆ. ಅವನು ಪೆನ್ನು ಕೆಳಗಿಟ್ಟ. "ನಡುವೆ ಏನು ಮಾಡಿದ್ರಿ?"

"ಮನೆ ನಡೆಸಿದೆ. ಒಂದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ. ಹಳೆಯ ಬಟ್ಟೆ ರಿಪೇರಿ ಮಾಡ್ತೀನಿ, ಈಗಲೂ."

"ಅಂದರೆ ಗ್ಯಾಪ್," ಎಂದ ಮೆಲ್ಲಗೆ, ಕಾಯಿಲೆಯ ಹೆಸರು ಹೇಳುವ ಡಾಕ್ಟರರ ಹಾಗೆ. "ತುಂಬಾ ದೊಡ್ಡ ಗ್ಯಾಪ್, ಆಂಟಿ."

ನಾಲ್ಕು ಊರುಗಳಲ್ಲಿ ಸಂಸಾರ ಹೂಡಿ ಕಿತ್ತು ಹೂಡಿದ್ದು, ಗುಜರಾತಿ ಅಕ್ಷರವನ್ನು ಬಸ್ಸಿನ ಬೋರ್ಡು ಓದಿ ಕಲಿತದ್ದು, ಮಗಳ ಜ್ವರ, ಮಾವನವರ ಪಾರ್ಶ್ವವಾಯು, ಆ ಅಜ್ಜಿಯ ಘರ್‌ಚೋಳಾ ಹೊದ್ದು ಮೊಮ್ಮಗಳು ಮದುವೆ ಮಂಟಪ ಸುತ್ತಿದ್ದು, ಇದೆಲ್ಲ ಸೇರಿ ಈ ಹುಡುಗನ ಬಾಯಲ್ಲಿ ಒಂದು ತೂತು. "ಅದು ಖಾಲಿ ಇರಲಿಲ್ಲಪ್ಪ. ನಾನು ಅದರೊಳಗೇ ಇದ್ದೆ," ಎಂದೆ. ಅವನು ಪಾಪ, ತಲೆ ಅಲ್ಲಾಡಿಸಿದ. ಅವನಿಗೆ ಕಲಿಸಿಕೊಟ್ಟದ್ದು ಅಷ್ಟೇ.

ಹಾಲಿನ ಕೊನೆಯಲ್ಲಿ ನಿಜವಾಗಿಯೂ ಹೊರದೇಶದಿಂದ ಬಂದ ಒಬ್ಬರೇ ಒಬ್ಬ ಹೆಂಗಸು ಕೂತಿದ್ದರು. ನನ್ನ ವಯಸ್ಸಿನವರು, ಕೆಂಪಾದ ಮೂಗು, ಮುಂದೆ ಕುಡಿಯದೇ ಆರಿದ ಚಹಾ. ಅವರ ಮುಂದೆ ಹಗ್ಗ ಕಟ್ಟಿ ಒಬ್ಬ ಕಾವಲು ನಿಂತಿದ್ದ. "ಆಯ್ಕೆಯಾದ ಸ್ಟೂಡೆಂಟ್ಸ್‌ಗೆ ಮಾತ್ರ, ಆಂಟಿ," ಎಂದ. ಆ ಹೊತ್ತಿಗೆ ಆಂಟಿ ಎಂಬ ಶಬ್ದ ಕೇಳಿಯೇ ನನಗೆ ಹಟ ಹುಟ್ಟುತ್ತಿತ್ತು. ಹಗ್ಗ ಎತ್ತಿ ಒಳಗೆ ಹೋದೆ. ನಮ್ಮ ಇಂಗ್ಲಿಷಿನಲ್ಲಿ, ನಿಧಾನವಾಗಿ, ನನಗೆ ಏನು ಕಲಿಯಬೇಕಾಗಿದೆ ಎಂದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಮ್ಮಲ್ಲಿ ಅದು ಇಲ್ಲ," ಎಂದರು. "ಇವತ್ತು ಇಲ್ಲಿಗೆ ಬಂದಿರುವ ಯಾರಲ್ಲೂ ಇರಲಿಕ್ಕಿಲ್ಲ. ಸುಳ್ಳು ಆಸೆ ಕೊಡಲಾರೆ."

ಅಷ್ಟೇ. ಇಡೀ ದಿನದಲ್ಲಿ ನನಗೆ ಸಿಕ್ಕಿದ ನೇರ ಉತ್ತರ ಅದೊಂದೇ. ಧನ್ಯವಾದ ಹೇಳಿ ಹೊರಬಂದೆ. ದೀಪಾವಳಿಯಿಂದ ಒಳಗೊಳಗೇ ಕಟ್ಟಿಕೊಂಡದ್ದು ಹೀಗೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ ಎಂದು ತಿಳಿದಿರಲಿಲ್ಲ. ಮನೆಗೆ ಹೋಗೋಣ ಎಂದೆ. ಮಗಳ ಟ್ಯೂಷನ್ನಿನ ಗೆಳತಿಯರು ಪಕ್ಕದ ಕೋಣೆಯ ಭಾಷಣಕ್ಕೆ ಹೋಗುತ್ತಿದ್ದರು. "ಫೈವ್ ಮಿನಿಟ್ಸ್, ಮಮ್ಮಿ," ಎಂದಳು. ಕಾಲು ನೋಯುತ್ತಿತ್ತು, ಕುರ್ಚಿ ಸಿಕ್ಕರೆ ಸಾಕಾಗಿತ್ತು. ಹೋಗಿ ಕೂತೆ.

ವೇದಿಕೆಯ ಮೇಲೆ ಸೂಟು ಹಾಕಿದ ಮನುಷ್ಯ. ಮಾತಿನ ಮಲ್ಲ. ಗುಜರಾತಿ, ಹಿಂದಿ, ಇಂಗ್ಲಿಷು ಕಲಸಿ ನಗಿಸುತ್ತಿದ್ದ. ಪರದೆಯ ಮೇಲೆ ಒಂದೊಂದೇ ಚಿತ್ರ ಬಂದು ಹೋಗಿ, ಕೊನೆಗೆ 'ಗ್ಯಾಪ್' ಎಂಬ ದೊಡ್ಡ ಅಕ್ಷರ ಬಂತು. ಎರಡು ವರ್ಷದವರೆಗಾದರೆ ಹೇಗಾದರೂ ಸರಿಮಾಡಿ ಕೊಡುತ್ತೇವೆ, ಹೆದರಬೇಡಿ ಎಂದ. ಪ್ರಶ್ನೆಗಳಿದ್ದರೆ ಕೇಳಿ ಎಂದ.

ನನ್ನ ಕೈ ಮೇಲೆದ್ದಿತು. ಕೇಳಬೇಕೆಂದು ಯೋಚಿಸಿ ಎತ್ತಿದ್ದಲ್ಲ. ಯಾರೋ ಮೈಕು ತಂದು ಕೈಗಿತ್ತರು. ಎದ್ದು ನಿಂತು ಹಿಂದಿಯಲ್ಲಿ ಕೇಳಿದೆ: "ಇಪ್ಪತ್ತು ವರ್ಷವಾಗಿದ್ದರೆ?"

ಹಾಲಿನ ತುಂಬ ನಗು. ಅವನೂ ನಕ್ಕ. "ಯಾರಿಗೆ, ಆಂಟಿ?"

"ನನಗೆ."

ಈ ಸಲದ ನಗು ಇನ್ನೂ ಜೋರು. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಅದು ಮೆಚ್ಚುಗೆಯ ಚಪ್ಪಾಳೆಯಲ್ಲ. "ವಾಹ್! ಸ್ಪಿರಿಟ್ ನೋಡಿ!" ಎಂದ ಅವನು. "ಆಂಟಿ, ಮೊದಲು ಡಾಟರ್ ಹೋಗಲಿ. ಆಮೇಲೆ ನಿಮಗೆ ವಿಸಿಟರ್ ವೀಸಾ ನಾನೇ ಮಾಡಿಸ್ತೀನಿ. ಅಲ್ಲಿ ಅವಳಿಗೆ ದಾಲ್ ಢೋಕಳಿ ಮಾಡಿಹಾಕೋಕೆ ಯಾರಾದ್ರೂ ಬೇಕಲ್ಲ?"

ಮಗಳು ನನ್ನ ಸೆರಗು ಹಿಡಿದು ಎಳೆದಳು. "ಮಮ್ಮಿ, ಬೈಠ್ ಜಾವೋ. ಪ್ಲೀಸ್."

ನಾನು ಕೂರಲಿಲ್ಲ. ನಗು ತಾನಾಗಿ ಇಳಿಯುವವರೆಗೆ ಕಾದೆ. ಅಷ್ಟು ಜನರ ಮುಂದೆ ಮೈಕು ಹಿಡಿದು ನಾನು ಎಂದೂ ನಿಂತವಳಲ್ಲ. "ವೀಸಾ ಕೇಳಲಿಲ್ಲ ನಾನು. ಓದೋದರ ಬಗ್ಗೆ ಕೇಳಿದೆ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ."

ಅವನ ಮುಖದ ನಗು ಹಾಗೇ ಇತ್ತು, ಕಣ್ಣಿನದು ಹೋಗಿತ್ತು. "ಹೊರಗೆ ನಮ್ಮ ಕೌನ್ಸೆಲರ್ ಇದ್ದಾರೆ, ಅವರನ್ನ ಭೇಟಿ ಮಾಡಿ. ನೆಕ್ಸ್ಟ್ ಕ್ವೆಶ್ಚನ್?"

"ಅಂದರೆ ಗೊತ್ತಿಲ್ಲ," ಎಂದು ಮೈಕಿನಲ್ಲೇ ಹೇಳಿ, ಅದನ್ನು ಪಕ್ಕದವರಿಗೆ ಕೊಟ್ಟು, ಮಗಳನ್ನು ಕರೆದುಕೊಂಡು ಹೊರಟೆ.

ಆಟೋದಲ್ಲಿ ಅವಳು ಮುಖ ಆಚೆ ತಿರುಗಿಸಿ ಕೂತಳು. ಭಾವನಗರ, ವಡೋದರಾಗಳಲ್ಲೇ ಬೆಳೆದವಳು. ನನ್ನ ಕನ್ನಡ ಅವಳಿಗೆ ಅರ್ಥವಾಗುತ್ತದೆ. ಅವಳ ಕನ್ನಡ ಮಾತ್ರ ಕುಂಟುತ್ತಾ ಬರುತ್ತದೆ, ಸಿಟ್ಟು ಬಂದಾಗ ಇನ್ನಷ್ಟು.

"ಎಲ್ಲಾರೂ ನಗ್ತಿದ್ರು. ನನ್ನ ಪೂರಾ ಬ್ಯಾಚ್ ಅಲ್ಲಿ ಇತ್ತು, ಮಮ್ಮಿ."

"ನಗಲಿ ಬಿಡು. ನಕ್ಕರ ಏನ ನನ್ನ ಮೈ ಸವದ ಹೋಗತೈತಿ?"

"ನಾಳೆ ನಾನು ಟ್ಯೂಷನ್ ಹೋಗ್ಬೇಕಲ್ಲ, ನೀನಲ್ಲ!" ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ತೋಳಿನಿಂದ ಒರೆಸಿಕೊಂಡಳು. ಆಮೇಲೆ, "ಒಂದು ಹೇಳು. ನೀನು ಸೀರಿಯಸ್ ಆಗಿ ಕೇಳಿದ್ದಾ?"

"ಹೌದು."

"ಸಚ್ಚಿ?"

"ಸುಳ್ಳ ಯಾಕ ಹೇಳ್ಲಿ?"

ರೈಲ್ವೆ ಸೇತುವೆಯ ಕೆಳಗೆ ಆಟೋ ಸಿಕ್ಕಿಹಾಕಿಕೊಂಡಿತ್ತು. ಆ ಗದ್ದಲದ ನಡುವೆ ಅವಳು ಹೇಳಿದಳು: "ಹಾಗಾದ್ರೆ ನಾನೂ ಒಂದು ಹೇಳ್ತೀನಿ. ನಂಗೆ ಹೋಗೋದೇ ಇಲ್ಲ. ಕಹೀಂ ನಹೀಂ, ಎಲ್ಲಿಗೂ ಇಲ್ಲ. ನಂಗೆ ಇಲ್ಲೇ ಲಾ ಓದ್ಬೇಕು."

"ಮತ್ತ ಇಷ್ಟ ದಿನ ಯಾಕ ಬಾಯಿ ಮುಚ್ಚಿಕೊಂಡ ಕುಂತಿದ್ದಿ?"

"ಪಪ್ಪಾ ಅಷ್ಟು ಖುಷಿ ಇದ್ರು. ನೀನೂ ಪಾಸ್ ನೋಡಿ ಖುಷಿ ಆದೆ. ನಾನು ಥಿಂಕ್ ಮಾಡಿದ್ದು, ನನ್ನ ಸಲುವಾಗಿ ಅಂತ."

ಸಂಜೆ ಗಂಡ ಅಹಮದಾಬಾದಿನಿಂದ ಬಂದು ಶೂ ಬಿಚ್ಚುತ್ತಲೇ "ಏನಾತು? ಯಾವ ದೇಶ?" ಎಂದು ಕೇಳಿದರು.

"ಪಪ್ಪಾ, ನಾನ್ ಹೋಗಲ್ಲ. ಮಮ್ಮಿ ಹೋಗ್ತಾಳಂತೆ," ಎಂದಳು ಮಗಳು.

ಅವರು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ನಡೆದದ್ದನ್ನು ಬಿಡಿಸಿ ಹೇಳಿದೆ, ಅಹಮದಾಬಾದಿನ ಗಾಜಿನಾಚೆಯ ತರುಣಿಯಿಂದ ಹಿಡಿದು ದಾಲ್ ಢೋಕಳಿಯವರೆಗೆ. ಅವರು ಕೆಟ್ಟ ಮನುಷ್ಯರಲ್ಲ. ಕೂಗಾಡುವ ಗಂಡಸೂ ಅಲ್ಲ. ಒಂದು ಕಾಲಿನ ಶೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಈ ವಯಸ್ಸಿನ್ಯಾಗ?"

"ಈ ವಯಸ್ಸಿನ್ಯಾಗರೀ. ಹೋದ ವಯಸ್ಸು ತಿರುಗಿ ತರಾಕ ಬರೂದಿಲ್ಲಲ್ಲ."

"ಹುಡುಗಿ ಸಲುವಾಗಿ ಹೋದಾಕಿ ನೀ," ಎಂದಷ್ಟೇ ಹೇಳಿ ಮುಖ ತೊಳೆಯಲು ಹೋದರು. ಅವರಿಗೆ ಆಗ ಎರಡು ಕಡೆಯಿಂದ ನಿರಾಸೆಯಾಗಿತ್ತು. ಯಾವುದರ ಬಗ್ಗೆ ಮೊದಲು ಮಾತಾಡಬೇಕೆಂದು ತಿಳಿಯದೆ ಎರಡು ದಿನ ಸುಮ್ಮನಿದ್ದರು.

ಮೇಳದವರು ಮಾತ್ರ ಸುಮ್ಮನಿರಲಿಲ್ಲ. ವಾರಕ್ಕೊಮ್ಮೆ ಫೋನು. "ಮ್ಯಾಮ್, ಡಾಟರ್‌ದು ಏನು ಡಿಸಿಷನ್? ಸೀಟು ತುಂಬ್ತಾ ಇದೆ."

"ಮಗಳು ಬರೋದಿಲ್ಲ. ನಂದು ಏನಾಯ್ತು ಹೇಳಿ."

ಆ ಕಡೆಯವರು ಮತ್ತೆ ಮಾಡ್ತೀನಿ ಎಂದು ಫೋನು ಇಡುತ್ತಿದ್ದರು. ನಾನು ಪ್ರತಿ ಸಲವೂ ಅದನ್ನೇ ಕೇಳಿದೆ, ಅದೇ ದನಿಯಲ್ಲಿ. ಹೋಳಿ ಬರುವ ಹೊತ್ತಿಗೆ ಕರೆಗಳು ನಿಂತುಹೋದವು.

ದಾರಿ ತೋರಿಸಿದವಳು ಮಗಳೇ. ಟ್ಯೂಷನ್ನಿನಲ್ಲಿ ಎರಡು ದಿನ ಅವಳನ್ನು ರೇಗಿಸಿದರಂತೆ. ಮೂರನೆಯ ದಿನ ಅವಳು ಏನೋ ತಿರುಗಿ ಅಂದಿದ್ದಾಳೆ. ಏನು ಅಂದೆ ಎಂದು ನನಗೆ ಹೇಳಲೇ ಇಲ್ಲ. ಆ ಶನಿವಾರ ಫೋನು ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತು ಹುಡುಕಿದಳು. ಹೊರದೇಶದಲ್ಲಿ ಆ ವಿದ್ಯೆ ಕಲಿಸುವ ಕೆಲವು ಕಡೆಗಳು ಸಿಕ್ಕವು. ಅಲ್ಲಿಗೆ ಸೇರಲು ಮೊದಲು ಮ್ಯೂಸಿಯಂ ವಿಷಯದಲ್ಲೋ ಅಂಥದ್ದರಲ್ಲೋ ಒಂದಿಷ್ಟು ಓದು, ಕೈಕೆಲಸದ ಅನುಭವ ಬೇಕಿತ್ತು. ಮ್ಯೂಸಿಯಂ ವಿಷಯದ ಸ್ನಾತಕೋತ್ತರ ಪದವಿ ನಮ್ಮ ವಡೋದರಾದ ವಿಶ್ವವಿದ್ಯಾಲಯದಲ್ಲೇ ಇತ್ತು. ಬಟ್ಟೆ, ಮರ, ಕಾಗದಗಳನ್ನು ಕಾಪಾಡುವ ಪಾಠವೂ ಅದರೊಳಗೆ ಸೇರಿತ್ತು.

ಸೋಮವಾರ ಸ್ಕೂಟರ್ ತೆಗೆದುಕೊಂಡು ಹೋದೆ. ಕಿಟಕಿಯ ಹಿಂದಿನ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ ಗುಜರಾತಿಯಲ್ಲಿ, ಅಕ್ಕ ಎಂದು ಕರೆದು, ಕೇಳಿದರು: "ಮಗಳಿಗೋ, ನಿಮಗೋ, ಬೆನ್?"

"ನನಗೆ," ಎಂದೆ, ಜಗಳಕ್ಕೆ ಸಿದ್ಧಳಾಗಿ.

"ಹಾಗಾದರೆ ನಿಮ್ಮ ಹಳೆಯ ಯೂನಿವರ್ಸಿಟಿಯಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಿಸಬೇಕು," ಎಂದು ಮುಂದಿನವರನ್ನು ಕರೆದರು. ಜಗಳವಾಡಲು ಅಲ್ಲಿ ಏನೂ ಇರಲಿಲ್ಲ. ಊರಲ್ಲಿದ್ದ ನನ್ನ ತಮ್ಮ ಧಾರವಾಡಕ್ಕೆ ಹೋಗಿ ಆ ಕಾಗದ ತೆಗೆಸಿ ಕಳಿಸಿದ. ಪ್ರವೇಶ ಪರೀಕ್ಷೆಯನ್ನು ನನ್ನ ಮಗಳಿಗಿಂತ ಮೂರ್ನಾಲ್ಕು ವರ್ಷ ದೊಡ್ಡವರ ನಡುವೆ ಕೂತು ಬರೆದೆ. ಅರ್ಧ ಉತ್ತರ ಸರಿ ಇದ್ದಾವು ಎಂದುಕೊಂಡಿದ್ದೆ. ಸೀಟು ಸಿಕ್ಕಿತು. ಮಗಳಿಗೂ ಅದೇ ಊರಿನಲ್ಲಿ ಕಾನೂನಿಗೆ ಸಿಕ್ಕಿತು. ಗಂಡ ಪೇಡೆ ತಂದರು. ಅರೆಮನಸ್ಸಿನಿಂದಲೋ ಪೂರ್ತಿ ಮನಸ್ಸಿನಿಂದಲೋ ನಾನು ಕೇಳಲಿಲ್ಲ.

ಕ್ಲಾಸು ಶುರುವಾಗುವ ಮೊದಲೇ ಅವರಿಗೆ ಸೂರತ್‌ಗೆ ವರ್ಗಾವಣೆಯಾಯಿತು.

ನಮ್ಮ ಮನೆಯಲ್ಲಿ ಆರ್ಡರ್ ಬಂದ ದಿನದ ಪದ್ಧತಿಯೊಂದಿದೆ. ಅವರು ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಿಗಳನ್ನು ತರುತ್ತಾರೆ, ನಾನು ಅಡುಗೆಮನೆಯ ಮೇಲಿನ ಅಟ್ಟದಿಂದ ಶುರು ಮಾಡುತ್ತೇನೆ. ಅಂದೂ ಡಬ್ಬಿಗಳು ಬಂದವು. ಹಾಲಿನ ನಡುವೆ ಒಂದರ ಮೇಲೊಂದು ಪೇರಿಸಿಟ್ಟರು.

"ಇವು ಯಾರಿಗೆ?" ಎಂದೆ.

"ಯಾರಿಗೆ ಅಂದ್ರ? ಹೊಂದಸ್ಕೊಳ್ಳೂದಿಲ್ಲೇನು? ಸೂರತ್‌ನ್ಯಾಗ ಕಂಪನಿ ಫ್ಲ್ಯಾಟ್ ಐತಿ. ಇದಕ್ಕಿಂತ ದೊಡ್ಡದು."

"ನಾ ಬರೂದಿಲ್ಲರಿ."

"ಅಂದ್ರ?"

"ಅಂದ್ರ ಈ ಸಲ ನಾ ಕಟ್ಟೂದಿಲ್ಲ. ನನ್ನ ಕ್ಲಾಸು ಇಲ್ಲೈತಿ. ಅಕಿ ಕ್ಲಾಸೂ ಇಲ್ಲೈತಿ."

ಅವರು ಡಬ್ಬಿಯ ಮೇಲೇ ಕೂತರು. ಅದು ಅವರ ಭಾರಕ್ಕೆ ಸ್ವಲ್ಪ ಕುಸಿಯಿತು. "ನಾ ಒಬ್ಬಾಂವ ಅಲ್ಲಿ ಹೆಂಗ ಇರ್ಲಿ? ನನಗ ಚಹಾ ಬಿಟ್ರ ಬ್ಯಾರೆ ಏನೂ ಮಾಡಾಕ ಬರೂದಿಲ್ಲ."

"ಅಪ್‌ಡೌನ್ ಮಾಡ್ರಿ. ಅರ್ಧ ವಡೋದರಾ ಸೂರತ್‌ಗೆ ಅಪ್‌ಡೌನ್ ಮಾಡತೈತಿ. ಮುಂಜಾನೆ ಗಾಡಿಗೆ ಹೋಗಿ ಸಂಜಿ ಗಾಡಿಗೆ ಬರ್ತಾರ. ಗಾಡಿಯೊಳಗ ಇಸ್ಪೀಟು ಆಡ್ತಾರ, ಭಜನಿ ಮಾಡ್ತಾರ."

"ಈ ವಯಸ್ಸಿನ್ಯಾಗ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಆಗಲೇ ಇತ್ತು. ಆದರೆ ಹೇಳಲಿಲ್ಲ, ಅವರ ಮುಖ ನೋಡಿ ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ಅಟ್ಟ ಹತ್ತಲಿಲ್ಲ. ಒಂದು ವಾರ ಅವರು ಊಟಕ್ಕೆ ಬಂದು ಉಂಡು ಎದ್ದು ಹೋಗುತ್ತಿದ್ದರು. ನಾನು ಅವರ ಮುಂದೆಯೇ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತ ಕೂರುತ್ತಿದ್ದೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅವರು ಹೋಗಿ ರೈಲಿನ ಪಾಸು ಮಾಡಿಸಿಕೊಂಡು ಬಂದರು. ಡಬ್ಬಿಗಳನ್ನು ಮಗಳು ರದ್ದಿಯವನಿಗೆ ಹಾಕಿದಳು.

ಸುಲಭವಾಗಿದೆ ಎಂದು ಹೇಳಲಾರೆ. ಅವರಿಗೆ ಬೆನ್ನುನೋವು ಬಂದಿದೆ. ಮಳೆಗಾಲದಲ್ಲಿ ಗಾಡಿ ತಡವಾದರೆ ಸೂರತ್‌ನಲ್ಲೇ ಉಳಿಯುತ್ತಾರೆ. ಪಕ್ಕದ ಹಜೀರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಮೂವರು ಹುಡುಗರು ಅಲ್ಲೊಂದು ಫ್ಲ್ಯಾಟ್ ಹಿಡಿದಿದ್ದಾರೆ. ಅವರ ಮನೆಯಲ್ಲಿ ಮಲಗಿ, ಅವರು ತಳ ಹತ್ತಿಸಿದ ಉಪ್ಪಿಟ್ಟು ತಿಂದು, ಮರುದಿನ ಬಂದು ಅದರ ವರ್ಣನೆ ಮಾಡುತ್ತಾರೆ. ಒಮ್ಮೆ ತಾವೇ ಅವರಿಗೆ ಉಪ್ಪಿಟ್ಟು ಹೇಗೆ ಕಲಕಬೇಕೆಂದು ಹೇಳಿಕೊಟ್ಟರಂತೆ. ನಿಮಗ ಯಾರು ಹೇಳಿಕೊಟ್ರು ಎಂದರೆ, ನಿನ್ನ ನೋಡಿ ಕಲಿತೆ ಎಂದರು. ನೋಡಿಯೇ ಕಲಿತಿದ್ದರೆ ಇಷ್ಟು ವರ್ಷ ಮಾಡಲಿಲ್ಲವೇಕೆ ಎಂದು ಕೇಳಿದೆ. ಅವರು ಎದ್ದು ತಮ್ಮ ಊಟದ ಡಬ್ಬಿ ತೊಳೆಯಲು ಹೋದರು.

ಕ್ಲಾಸಿನಲ್ಲಿ ನನಗೆ ರಾಸಾಯನಿಕಗಳ ಹೆಸರು ನೆನಪುಳಿಯುವುದಿಲ್ಲ. ಹುಡುಗರು ಒಮ್ಮೆ ಓದಿದ್ದನ್ನು ನಾನು ಕುಕ್ಕರಿನ ಸೀಟಿ ಎಣಿಸುತ್ತ ನಾಲ್ಕು ಸಲ ಓದಬೇಕು. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಯಿತು, ಮತ್ತೆ ಕಟ್ಟಿ ಪಾಸು ಮಾಡಿದೆ. ನೂಲು ಹಿಡಿಯುವ ಕೆಲಸ ಬಂದಾಗ ಮಾತ್ರ ನನ್ನ ಮೇಜಿನ ಹತ್ತಿರ ಯಾರೂ ಏನೂ ಹೇಳುವುದಿಲ್ಲ. ಮೊನ್ನೆ ಒಂದು ಹರಿದ ತೋರಣ ಕೊಟ್ಟರು, ಬಾಗಿಲಿಗೆ ಕಟ್ಟುವ ಕಸೂತಿಯ ಪಟ್ಟಿ. ಅದರ ಕನ್ನಡಿಗಳು ಅರ್ಧ ಉದುರಿದ್ದವು. ಇಡೀ ಮಧ್ಯಾಹ್ನ ಅದರ ಮುಂದೆ ಕೂತಿದ್ದೆ. ಹೊಟ್ಟೆ ಹಸಿದದ್ದೂ ತಿಳಿಯಲಿಲ್ಲ.

ಅತ್ತೆಯವರು ಬಾಗಲಕೋಟೆಯಲ್ಲಿ ಮೈದುನನ ಮನೆಯಲ್ಲಿದ್ದಾರೆ. ಅವರ ಸಿಟ್ಟು ಇನ್ನೂ ಇಳಿದಿಲ್ಲ. ವಾರಕ್ಕೊಮ್ಮೆ ಫೋನು ಮಾಡಿ ಮೊದಲು ಮಗನ ಬೆನ್ನು, ಆಮೇಲೆ ಮೊಮ್ಮಗಳ ಊಟ ವಿಚಾರಿಸಿ, ಕೊನೆಗೆ ನನ್ನ ವಿಷಯಕ್ಕೆ ಬರುತ್ತಾರೆ. ಹೋದ ವಾರವೂ ಬಂದರು.

"ಅಲ್ಲವಾ, ಗಂಡನ್ನ ರೈಲಿನ್ಯಾಗ ಹಾಕಿ ನೀ ಸಾಲಿ ಕಲಿತೀಯಂತ ಮಂದಿ ಆಡ್ಕೋತಾರ. ನನಗ ಓಣ್ಯಾಗ ಮುಖ ತೋರಸಾಕ ಆಗವಲ್ದು."

"ಮಂದಿ ಖರೇನ ಹೇಳಾಕತ್ತಾರ ಅತ್ತೀ. ಹೌದು, ಕಲಿತೀನಿ."

"ನಾಚಿಕಿ ಅನ್ನೂದ ಇಲ್ಲೇನ ನಿನಗ?"

"ಇದರಾಗ ನಾಚಿಕಿ ಪಡೂದು ಏನೈತ್ರಿ?"

"ಹೋಗ್ಲಿ. ಮುಗಿಯೂದರ ಯಾವಾಗ ನಿನ್ನ ಈ ಓದು?"

"ಇದು ಬರೂ ಬ್ಯಾಸಿಗ್ಯಾಗ ಮುಗಿತೈತ್ರಿ. ಆಮ್ಯಾಲ ಇನ್ನೊಂದ ಐತಿ. ಅದಕ್ಕ ಹೊರದೇಶಕ್ಕ ಹೋಗಬೇಕು."

ಅತ್ತೆಯವರು ಫೋನು ಇಟ್ಟುಬಿಟ್ಟರು. ನಾನು ಅವರನ್ನು ಕೆಣಕಲೆಂದು ಹೇಳಿದ್ದಲ್ಲ. ಆ ವಿದ್ಯೆ ಕಲಿಸುವ ಎರಡು ಕಡೆಗೆ ನಾನೇ ನೇರವಾಗಿ ಬರೆದಿದ್ದೆ. ಒಂದು ಕಡೆಯಿಂದ ಆಗುವುದಿಲ್ಲ ಎಂದು ಬಂದಿದೆ. ಇನ್ನೊಂದು ಕಡೆಯವರು ನಾನು ಮಾಡಿದ ಕೆಲಸದ ಫೋಟೊಗಳನ್ನು ಕೇಳಿದ್ದಾರೆ. ಅವರೂ ಬೇಡ ಎನ್ನಬಹುದು. ಎಂದರೆ ಮೂರನೆಯ ಕಡೆಗೆ ಬರೆಯುತ್ತೇನೆ.